ಪೂರಿ ಯಾವ ದಿನ?

“ಅಮ್ಮಾ, ಇದೊಂದು ಬಿಟ್ಟು ಬೇರೇನು ಬೇಕಾದರೂ ಕೇಳು” ಎಂದು ಮಗಳು ಪುಸ್ತಕ ಮುಚ್ಚಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಿ.ಕಾಂ. ಮುಗಿಸಿ ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ಸಲ ಮೊದಲನೇ ಹಂತದಲ್ಲೇ ಎರಡು ಅಂಕಕ್ಕೆ ತಪ್ಪಿಹೋಯಿತು. ಲೆಕ್ಕ ಅವಳಿಗೆ ಸಲೀಸು. ಅವಳನ್ನು ಮುಳುಗಿಸಿದ್ದು ‘ಏಳು ಜನ, ಏಳು ದಿನ’ ಎಂಬ ಒಗಟು. ಈ ಸಲವೂ ಆಗದಿದ್ದರೆ ಓದಿದ್ದು ಸಾಕು, ಬಂದ ಸಂಬಂಧ ನೋಡೋಣ ಅಂತ ನಮ್ಮವರು ಬೇರೆ ಹೇಳಿಬಿಟ್ಟಿದ್ದಾರೆ.

ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದು 2019ರಲ್ಲಿ ಪ್ರಕಟವಾದಾಗ ನಮ್ಮಂಥ ಊರಿನ ಮಕ್ಕಳಿಗೆ ಎಷ್ಟೋ ಧೈರ್ಯ ಬಂತು. ಆದರೆ ಭಾಷೆ ಕನ್ನಡವಾದ ಮಾತ್ರಕ್ಕೆ ಒಗಟು ಬಿಡುತ್ತದೆಯೇ? ಮೊದಲ ಹಂತದಲ್ಲಿ 80 ಪ್ರಶ್ನೆಗೆ 45 ನಿಮಿಷ. ಉತ್ತರ ತಪ್ಪಿದರೆ ಕಾಲು ಅಂಕ ಕಡಿತ. ಒಂದೇ ಒಗಟಿನ ಮೇಲೆ ನಾಲ್ಕೈದು ಪ್ರಶ್ನೆ ಕೇಳುತ್ತಾರೆ, ಬಿಡಿಸಿದರೆ ಅಷ್ಟೂ ಅಂಕ, ಇಲ್ಲದಿದ್ದರೆ ಅಷ್ಟೂ ಹೋಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಆ ಪುಟವನ್ನು ಕೈಯಲ್ಲಿ ಹಿಡಿದು ನೋಡಿದಾಗ ನಗು ಬಂತು. ಯಾವ ದಿನ ಯಾರು ಬಂದರು, ಯಾರ ಮರುದಿನ ಯಾರು ಅಂತ ತಾನೆ ಕೇಳಿರುವುದು? ಇಪ್ಪತ್ತು ವರ್ಷದಿಂದ ನಾನು ದಿನಾ ರಾತ್ರಿ ಮಲಗುವಾಗ ಯೋಚಿಸುವುದೂ ಅದನ್ನೇ. ಹೆಸರುಗಳನ್ನೆಲ್ಲ ತೆಗೆದು ತಿಂಡಿ ಹಾಕಿ ಹೊಸ ಒಗಟು ಕಟ್ಟಿದೆ. ನೀವೂ ಒಂದು ಚೀಟಿ, ಪೆನ್ಸಿಲ್ ತಗೊಳ್ಳಿ.

ಸೋಮವಾರದಿಂದ ಭಾನುವಾರದವರೆಗೆ ದಿನಕ್ಕೊಂದು ತಿಂಡಿ: ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ರೊಟ್ಟಿ, ಪೂರಿ. ಚಿತ್ರಾನ್ನ ಗುರುವಾರ. ಇಡ್ಲಿಯ ಮರುದಿನವೇ ದೋಸೆ (ಉಳಿದ ಹಿಟ್ಟನ್ನು ಏನು ಮಾಡೋದು ಮತ್ತೆ!). ದೋಸೆಯಾದ ಮೇಲೆ ನಡುವೆ ಎರಡು ದಿನ ಬಿಟ್ಟು ರೊಟ್ಟಿ. ಉಪ್ಪಿಟ್ಟಿಗೂ ಅವಲಕ್ಕಿಗೂ ನಡುವೆ ಮೂರು ದಿನ. ಉಪ್ಪಿಟ್ಟು ಇಡ್ಲಿಗಿಂತ ಮೊದಲೇ ಆಗಿತ್ತು. ಪೂರಿ ಯಾವ ದಿನ?

ಮಗಳು ಮಾಡುತ್ತಿದ್ದ ತಪ್ಪು ನನಗೆ ಆಗ ಕಣ್ಣಿಗೆ ಬಿತ್ತು. ಇಡ್ಲಿಯನ್ನು ಸುಮ್ಮನೆ ಸೋಮವಾರಕ್ಕೆ ಹಾಕಿದಳು. ಕೊನೆಗೆ ಹೊಂದಲಿಲ್ಲ ಅಂತ ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡಿದಳು. ಏಳು ತಿಂಡಿಯನ್ನು ಏಳು ದಿನಕ್ಕೆ 5040 ರೀತಿಯಲ್ಲಿ ಹಂಚಬಹುದು. ಊಹೆ ಮಾಡುತ್ತಾ ಹೋದರೆ ಬೆಳಗಾದರೂ ಮುಗಿಯದು.

ಮೊದಲು ಖಚಿತವಾದದ್ದನ್ನು ಬರೆಯಬೇಕು. ಗುರುವಾರ ಚಿತ್ರಾನ್ನ, ಅದು ಕದಲುವುದಿಲ್ಲ. ಆಮೇಲೆ ಒಂದಕ್ಕೊಂದು ಅಂಟಿಕೊಂಡಿರುವ ಸುಳಿವು ಹಿಡಿಯಬೇಕು. ಇಡ್ಲಿ, ದೋಸೆ, ರೊಟ್ಟಿ ಮೂರೂ ಒಂದೇ ಸರಪಳಿ. ದೋಸೆ ಸೋಮವಾರ ಆಗದು, ಅದರ ಹಿಂದೆ ಇಡ್ಲಿ ಬೇಕು. ಗುರುವಾರ ಚಿತ್ರಾನ್ನ ಕೂತಿದೆ. ಶುಕ್ರವಾರ ದೋಸೆ ಎಂದರೆ ಇಡ್ಲಿ ಗುರುವಾರಕ್ಕೆ ಬಂತು, ಅದೂ ಆಗದು. ಶನಿವಾರ, ಭಾನುವಾರ ದೋಸೆಯಾದರೆ ರೊಟ್ಟಿಗೆ ಮುಂದೆ ಜಾಗವೇ ಇಲ್ಲ. ಹಾಗಾಗಿ ದೋಸೆ ಮಂಗಳವಾರ, ಇಲ್ಲವೇ ಬುಧವಾರ.

ಇಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬಾರದು. ಎರಡು ಒಲೆಯ ಮೇಲೂ ಪಾತ್ರೆ ಇಡಿ! ಚೀಟಿಯಲ್ಲಿ ಪಕ್ಕಪಕ್ಕ ಎರಡು ಸಾಲು ಬರೆಯಿರಿ. ಮೊದಲನೆಯದರಲ್ಲಿ ಇಡ್ಲಿ ಸೋಮವಾರ, ದೋಸೆ ಮಂಗಳವಾರ, ರೊಟ್ಟಿ ಶುಕ್ರವಾರ. ಎರಡನೆಯದರಲ್ಲಿ ಇಡ್ಲಿ ಮಂಗಳವಾರ, ದೋಸೆ ಬುಧವಾರ, ರೊಟ್ಟಿ ಶನಿವಾರ. ಈಗ ಕೊನೆಯ ಸುಳಿವು ನೋಡಿ. ಇಡ್ಲಿಗಿಂತ ಮೊದಲು ಉಪ್ಪಿಟ್ಟು. ಮೊದಲ ಸಾಲಿನಲ್ಲಿ ಸೋಮವಾರವೇ ಇಡ್ಲಿ, ಅದಕ್ಕಿಂತ ಮೊದಲು ದಿನವೆಲ್ಲಿದೆ? ಆ ಸಾಲಿಗೆ ಗೀಟು ಹಾಕಿ. ಎರಡನೆಯದರಲ್ಲಿ ಉಪ್ಪಿಟ್ಟು ಸೋಮವಾರ. ನಡುವೆ ಮೂರು ದಿನ ಬಿಟ್ಟರೆ ಅವಲಕ್ಕಿ ಶುಕ್ರವಾರ. ಉಳಿದದ್ದು ಭಾನುವಾರ, ಪೂರಿ. ಪೂರಿಯ ಬಗ್ಗೆ ಒಂದು ಮಾತೂ ಹೇಳದೆ ಅದರ ದಿನ ಸಿಕ್ಕಿತಲ್ಲ!

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ‘ನಡುವೆ ಮೂರು ದಿನ’ ಎಂಬುದನ್ನು ‘ಮೂರನೇ ದಿನ’ ಅಂತ ಹಿಡಿದು ಅವಲಕ್ಕಿಯನ್ನು ಗುರುವಾರಕ್ಕೆ ಒಯ್ದಿದ್ದೆ, ಅಲ್ಲಿ ಚಿತ್ರಾನ್ನ! ನಡುವೆ ಮೂರು ಎಂದರೆ ನಾಲ್ಕು ಹೆಜ್ಜೆ. ಹಾಗೆಯೇ ‘ಮೊದಲು’ ಬೇರೆ, ‘ಹಿಂದಿನ ದಿನವೇ’ ಬೇರೆ. ಹೋದ ಸಲ ಪರೀಕ್ಷೆಯಲ್ಲಿ ಈ ಒಂದು ಪದಕ್ಕೇ ಮಗಳ ಇಡೀ ಒಗಟು ಕೆಟ್ಟಿತ್ತು. ಇಂಥ ಪದದ ಕೆಳಗೆ ಮೊದಲೇ ಗೀಟು ಎಳೆದುಕೊಳ್ಳುವುದು ಒಳ್ಳೆಯದು.

ದಿನಗಳ ಬದಲು ತಿಂಗಳು ಕೊಟ್ಟು, ‘31 ದಿನವಿರುವ ತಿಂಗಳಲ್ಲಿ ಇವಳು ಹುಟ್ಟಿದಳು’ ಎಂದೂ ಕೇಳುತ್ತಾರೆ. ಅದಕ್ಕೆ ನಮ್ಮ ಅಜ್ಜಿ ಹೇಳಿಕೊಟ್ಟ ಮುಷ್ಟಿಯ ಗೆಣ್ಣಿನ ಲೆಕ್ಕ ಸಾಕು: ಗೆಣ್ಣಿನ ಮೇಲೆ ಬಿದ್ದದ್ದು 31, ತಗ್ಗಿಗೆ ಬಿದ್ದದ್ದು ಕಡಿಮೆ. ಜುಲೈ ಕೊನೆಯ ಗೆಣ್ಣು, ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣಿನಿಂದ ಶುರು.

ಐದಾರು ಸುಳಿವು ಓದಿದರೂ ಒಂದೂ ನಿಲ್ಲದಿದ್ದರೆ ಆ ಒಗಟನ್ನು ಬಿಟ್ಟು ಮುಂದೆ ಹೋಗಬೇಕು. ಮಗಳಿಗೆ ಕಷ್ಟವಾದದ್ದು ಇದೇ. ಹಟದ ಹುಡುಗಿ. ಹೋದ ಸಲ ಒಂದಕ್ಕೇ ಒಂಬತ್ತು ನಿಮಿಷ ಕಳೆದಿದ್ದಳಂತೆ. ಈಗ ನಾನು ಹಾಲು ಕಾಯಿಸಲು ಇಟ್ಟು ಒಗಟು ಕೊಡುತ್ತೇನೆ. ಹಾಲು ಉಕ್ಕುವಷ್ಟರಲ್ಲಿ ಬಿಡಿಸಬೇಕು, ಇಲ್ಲವೇ ಪುಟ ತಿರುವಬೇಕು. ಮೊದಲ ವಾರ ಎರಡು ಸಲ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು, ಇರಲಿ.

ಮೊನ್ನೆ ರಾತ್ರಿ ಊಟವಾದ ಮೇಲೆ ನಮ್ಮವರು ಆ ತಿಂಡಿ ಒಗಟಿನ ಚೀಟಿಯನ್ನು ಕೈಗೆತ್ತಿಕೊಂಡರು. ಬಹಳ ಹೊತ್ತು ನೋಡಿ, “ಅವಲಕ್ಕಿ ಗುರುವಾರ ಬರುತ್ತಲ್ಲೇ?” ಅಂದರು. ಮಗಳು ಅವರ ಪಕ್ಕ ಕೂತು, “ನಡುವೆ ಮೂರು ಅಂದರೆ ನಾಲ್ಕು ಹೆಜ್ಜೆ ಅಪ್ಪಾ” ಎಂದು ಪೆನ್ಸಿಲ್ ಈಸಿಕೊಂಡಳು. ಸಂಬಂಧದ ಮಾತು ಅವತ್ತು ಬರಲಿಲ್ಲ.