ಸವತಿ ಎಂಬ ಮಾತು

ನಮ್ಮ ತಾತನವರಿಗೆ ಇಬ್ಬರು ಹೆಂಡಿರು. ಮನೆಯ ಮಕ್ಕಳಾದ ನಾವು ಒಬ್ಬರನ್ನು ದೊಡ್ಡಜ್ಜಿಯೆಂದೂ ಇನ್ನೊಬ್ಬರನ್ನು ಚಿಕ್ಕಜ್ಜಿಯೆಂದೂ ಕರೆಯುತ್ತಿದ್ದೆವು. ಇಬ್ಬರೂ ಒಡಹುಟ್ಟಿದವರು. ದೊಡ್ಡಜ್ಜಿಗೆ ಮದುವೆಯಾಗಿ ಎಂಟು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದು ಆಕೆಯ ತಂಗಿಯನ್ನೇ ತಾತನವರಿಗೆ ಧಾರೆಯೆರೆದು ಕೊಟ್ಟರಂತೆ. ನನ್ನ ತಂದೆಯವರು ಹುಟ್ಟಿದ್ದು ಚಿಕ್ಕಜ್ಜಿಯ ಹೊಟ್ಟೆಯಲ್ಲಿ, ಬೆಳೆದದ್ದು ದೊಡ್ಡಜ್ಜಿಯ ಮಡಿಲಲ್ಲಿ. ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ, ಹೂಬತ್ತಿ ಹೊಸೆಯುತ್ತ ಕುಳಿತಿದ್ದ ದೊಡ್ಡಜ್ಜಿಯನ್ನು ಕೇಳಿದೆ: “ಅಜ್ಜೀ, ತಾತನ ಎರಡನೆಯ ಮದುವೆಗೆ ನೀನು ಒಪ್ಪಿದೆಯಾ?” ಆಕೆ ಬತ್ತಿಯಿಂದ ಕಣ್ಣೆತ್ತದೆ, “ಒಪ್ಪಿದೆ ಕಣಪ್ಪ. ಒಪ್ಪದೇ ಹೋಗಿದ್ದರೆ ಬೇರೆ ಯಾರನ್ನೋ ತರುತ್ತಿದ್ದರು” ಎಂದರು. ಆ ಉತ್ತರದ ಭಾರ ನನಗೆ ಅಂದು ತಿಳಿಯಲಿಲ್ಲ.

ಒಬ್ಬರಿಗಿಂತ ಹೆಚ್ಚು ಮಂದಿ ಬಾಳಸಂಗಾತಿಗಳಿರುವ ಮದುವೆಗಳನ್ನೂ, ಲೋಕವು ಅವನ್ನು ನೋಡುವ ಬಗೆಯನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಒಬ್ಬ ಗಂಡಸು ಹಲವು ಹೆಂಗಸರನ್ನು ಮದುವೆಯಾಗುವುದು ಬಹುಪತ್ನಿತ್ವ. ಒಬ್ಬ ಹೆಂಗಸು ಹಲವು ಗಂಡಸರನ್ನು ಮದುವೆಯಾಗುವುದು ಬಹುಪತಿತ್ವ. ಹೆಸರುಗಳಲ್ಲಿ ಇವು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿ ತೋರಿದರೂ ಲೋಕವ್ಯವಹಾರದಲ್ಲಿ ಹಾಗಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ಸಿದ್ಧಪಡಿಸಿದ ಜನಾಂಗಗಳ ಕೋಶದಲ್ಲಿ ಗುರುತಿಸಲಾದ 1231 ಸಮಾಜಗಳ ಪೈಕಿ 588ರಲ್ಲಿ ಬಹುಪತ್ನಿತ್ವ ಧಾರಾಳವಾಗಿಯೂ, 453ರಲ್ಲಿ ಅಲ್ಲೊಂದು ಇಲ್ಲೊಂದಾಗಿಯೂ ಕಂಡುಬಂದಿತು. ಏಕಪತ್ನಿಯ ನಿಯಮವಿದ್ದವು 186. ಬಹುಪತಿತ್ವವಿದ್ದವು ನಾಲ್ಕೇ ನಾಲ್ಕು. ಇವು ಸಮಾಜಗಳ ಎಣಿಕೆಯೇ ಹೊರತು ಮನುಷ್ಯರ ಎಣಿಕೆಯಲ್ಲವೆಂಬುದನ್ನು ಮರೆಯಬಾರದು. ಗಂಡು ಹೆಣ್ಣುಗಳ ಸಂಖ್ಯೆ ಹೆಚ್ಚುಕಡಿಮೆ ಸಮವಾಗಿರುವ ಲೋಕದಲ್ಲಿ, ಬಹುಪತ್ನಿತ್ವಕ್ಕೆ ಅನುಮತಿಯಿದ್ದ ಕಡೆಯೂ ಬಹುಮಂದಿ ಗಂಡಸರು ಒಬ್ಬಳೊಡನೆಯೇ ಬಾಳಿದ್ದಾರೆ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಅಸಮತೆ ಮೊದಲು ಕಂಡದ್ದು ನಿಘಂಟಿನಲ್ಲಿ. ಗಂಡನ ಇನ್ನೊಬ್ಬ ಹೆಂಡತಿಗೆ ನಮ್ಮಲ್ಲಿ ‘ಸವತಿ’ ಎಂಬ ಮಾತಿದೆ. ಇದು ಸಂಸ್ಕೃತದ ‘ಸಪತ್ನೀ’ ಶಬ್ದದ ತದ್ಭವ. ಹೆಂಡತಿಯ ಇನ್ನೊಬ್ಬ ಗಂಡನಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ಸಂಸ್ಕೃತದಲ್ಲಿ ‘ಸಪತ್ನೀ’ಯಿಂದ ಹುಟ್ಟಿದ ‘ಸಪತ್ನ’ ಎಂಬ ಪುಲ್ಲಿಂಗರೂಪವೇನೋ ಉಂಟು. ಆದರೆ ಅದರ ಅರ್ಥ ಸಹಪತಿಯೆಂದಲ್ಲ, ಶತ್ರುವೆಂದು. ಸವತಿಯರ ನಡುವಣ ಬೇಗುದಿ ಎಷ್ಟು ಹಳೆಯದೆಂದರೆ, ಋಗ್ವೇದದ ಹತ್ತನೆಯ ಮಂಡಲದಲ್ಲಿ ಸವತಿಯನ್ನು ದೂರಮಾಡಲು ಹೆಂಗಸೊಬ್ಬಳು ಮೂಲಿಕೆಯ ಮೊರೆಹೋಗುವ ಒಂದು ಸೂಕ್ತವೇ ಇದೆ. ವೈರಕ್ಕೆ ಹೆಸರಿಡಬೇಕಾದಾಗ ಭಾಷೆಯು ಸವತಿಯರಿದ್ದ ಮನೆಯ ಒಳಗಿನಿಂದಲೇ ಪದವನ್ನು ಎತ್ತಿಕೊಂಡಿತು.

ನಮ್ಮ ಕಾವ್ಯಗಳಾದರೂ ಈ ವಿಷಯದಲ್ಲಿ ಸಮದೃಷ್ಟಿಯವೇ? ವ್ಯಾಸಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರೆಂಬುದನ್ನು ಕೇಳಿ ದ್ರುಪದನೇ ಬೆಚ್ಚಿಬೀಳುತ್ತಾನೆ. ಒಬ್ಬನಿಗೆ ಹಲವು ಪತ್ನಿಯರಿರುವುದುಂಟು, ಒಬ್ಬಳಿಗೆ ಹಲವು ಪತಿಗಳೆಂಬುದನ್ನು ಕೇಳಿಲ್ಲವೆಂಬುದು ಅವನ ಆಕ್ಷೇಪ. ಯುಧಿಷ್ಠಿರನು ಏಳು ಮಂದಿ ಋಷಿಗಳ ಪತ್ನಿಯಾದ ಜಟಿಲೆಯ ನಿದರ್ಶನವನ್ನು ಕೊಡಬೇಕಾಗುತ್ತದೆ. ವ್ಯಾಸರು ಪೂರ್ವಜನ್ಮದ ಕಥೆಯನ್ನು ಹೇಳಬೇಕಾಗುತ್ತದೆ. ಅದೇ ಅರ್ಜುನನು ಸುಭದ್ರೆಯನ್ನು ತಂದಾಗ ಯಾವ ಪೂರ್ವಜನ್ಮದ ಸಮರ್ಥನೆಯೂ ಬೇಕಾಗಲಿಲ್ಲ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ನಮ್ಮ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದನು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಹೇಳಹೊರಟ ಕವಿಗೆ ಆ ಮಾರ್ಪಾಡು ಅನಿವಾರ್ಯವಾಗಿದ್ದಿರಬಹುದು. ಆದರೆ ಅರ್ಜುನನ ಬಹುಪತ್ನಿತ್ವವನ್ನು ಆತ ತಿದ್ದಲಿಲ್ಲ. ಕಾವ್ಯದ ಕೊನೆಗೆ ಅರ್ಜುನನೊಡನೆ ಪಟ್ಟವೇರುವವಳು ಸುಭದ್ರೆ. ನಾನು ಪಂಪನನ್ನು ದೂರುತ್ತಿಲ್ಲ. ಅಂಥ ಮಹಾಕವಿಯ ಕಣ್ಣಿಗೂ ತಿದ್ದಬೇಕೆಂದು ತೋರಿದ್ದು ಯಾವುದು, ತೋರದೆ ಹೋದದ್ದು ಯಾವುದು ಎಂಬುದನ್ನಷ್ಟೇ ಗಮನಿಸಬೇಕೆನ್ನುತ್ತೇನೆ. ಮುಂದೆ ಕುಮಾರವ್ಯಾಸನು ಐವರು ಪತಿಗಳ ಕಥೆಯನ್ನು ಇದ್ದಂತೆಯೇ ಉಳಿಸಿಕೊಂಡನು.

ಹಾಗಾದರೆ ಬಹುಪತಿತ್ವವು ಪುರಾಣದ ಮಾತು ಮಾತ್ರವೇ? ಅಲ್ಲ. ನಮ್ಮ ನೆರೆಯ ನೀಲಗಿರಿಯ ತೊದವರಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಹಿಂದೆ ಇತ್ತು. ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರವಾದ ವರ್ಣನೆಯಿದೆ. ಮಗುವಿನ ತಂದೆ ಯಾರೆಂಬ ಪ್ರಶ್ನೆಯನ್ನು ಅವರು ಒಂದು ಶಾಸ್ತ್ರದಿಂದ ಬಗೆಹರಿಸುತ್ತಿದ್ದರು. ಬಸುರಿಗೆ ಏಳನೆಯ ತಿಂಗಳಿನ ಸುಮಾರಿಗೆ ಒಬ್ಬ ಗಂಡನು ಕಡ್ಡಿ ಹುಲ್ಲುಗಳಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಕೊಡುವನು. ಬಿಲ್ಲು ಕೊಟ್ಟವನೇ ತಂದೆ. ರಕ್ತಕ್ಕಿಂತ ಸಮಾಜ ಒಪ್ಪಿದ ವಿಧಿಗೇ ಅಲ್ಲಿ ಹೆಚ್ಚಿನ ಬೆಲೆ.

ಟಿಬೆಟ್, ಲಡಾಖ್, ಕಿನ್ನೌರ್ ಮುಂತಾದ ಹಿಮಾಲಯದ ಸೀಮೆಗಳಲ್ಲಿ ಕಾರಣ ಬೇರೆ. ಅಲ್ಲಿ ಉಳುವ ನೆಲ ಅತ್ಯಲ್ಪ. ಅಣ್ಣತಮ್ಮಂದಿರು ಬೇರೆ ಬೇರೆ ಸಂಸಾರ ಹೂಡಿ ಹೊಲವನ್ನು ಹಂಚಿಕೊಂಡರೆ ಎರಡು ತಲೆಮಾರಿನಲ್ಲಿ ಯಾರ ಪಾಲಿಗೂ ಹೊಟ್ಟೆ ತುಂಬುವಷ್ಟು ಉಳಿಯದು. ಒಬ್ಬಳೇ ಸೊಸೆಯಾದರೆ ಹೊಲ ಒಂದೇ, ಒಲೆಯೂ ಒಂದೇ. ಒಬ್ಬನು ಉಳುವನು, ಒಬ್ಬನು ಕುರಿ ಕಾಯುವನು, ಇನ್ನೊಬ್ಬನು ವ್ಯಾಪಾರಕ್ಕೆ ಹೋಗುವನು. ಲಡಾಖಿನ ಬೌದ್ಧರ ಈ ಪದ್ಧತಿಯನ್ನು ಜಮ್ಮು-ಕಾಶ್ಮೀರ ಸಂಸ್ಥಾನವು 1941ರಲ್ಲಿ ಶಾಸನದಿಂದ ನಿಷೇಧಿಸಿತು. ಆದರೂ 2025ರ ಜುಲೈಯಲ್ಲಿ ಹಿಮಾಚಲದ ಸಿರ್ಮೌರ್ ಜಿಲ್ಲೆಯ ಹಾಟಿ ಸಮುದಾಯದ ಇಬ್ಬರು ಸೋದರರು ಊರೆಲ್ಲ ನೆರೆದ ಸಂಭ್ರಮದಲ್ಲಿ ಒಬ್ಬಳನ್ನೇ ವರಿಸಿದರು. ‘ಜೋಡಿದಾರ’ವೆಂಬುದು ಅಲ್ಲಿನವರು ಈ ಪದ್ಧತಿಗೆ ಕೊಟ್ಟ ಹೆಸರು. ನಾಡಿನ ಪತ್ರಿಕೆಗಳೆಲ್ಲ ಅದನ್ನು ಅಚ್ಚರಿಯಿಂದ ವರದಿಮಾಡಿದವು. ಒಬ್ಬ ಗಂಡಸು ಇಬ್ಬರನ್ನು ಕಟ್ಟಿಕೊಂಡಿದ್ದರೆ ಅಷ್ಟು ಅಚ್ಚರಿ ಹುಟ್ಟುತ್ತಿತ್ತೇ?

ಬಹುಪತಿತ್ವವೆಂದರೆ ಹೆಣ್ಣಿಗೆ ಸ್ವಾತಂತ್ರ್ಯವೆಂದು ಯಾರಾದರೂ ಭಾವಿಸಿದರೆ ಅದು ಅವಸರದ ತೀರ್ಮಾನವಾದೀತು. ಹೊಲ ಒಡೆಯದಿರಲೆಂದು ಅಲ್ಲಿ ಹೆಣ್ಣು ಹಲವರ ಹೆಂಡತಿಯಾದಳು. ವಂಶ ನಿಲ್ಲದಿರಲೆಂದು ಇಲ್ಲಿ ಹೆಣ್ಣು ಸವತಿಯಾದಳು. ಆಸ್ತಿಯ ಲೆಕ್ಕ, ದುಡಿಮೆಯ ಲೆಕ್ಕ, ಮಕ್ಕಳ ಲೆಕ್ಕ ಎರಡು ಕಡೆಯೂ ಉಂಟು. ಆ ಲೆಕ್ಕ ಬರೆದವರು ಹೆಚ್ಚಾಗಿ ಆಕೆಯಲ್ಲ.

ಈ ಮಾತನ್ನು ಗಟ್ಟಿಯಾಗಿ ಹೇಳಿದ ಹಿರಿಯರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಮೊದಲಿಗರ ಸಾಲಿನವರು. ಬಂಗಾಳದ ಕುಲೀನ ಬ್ರಾಹ್ಮಣರಲ್ಲಿ ಕೆಲವರು ಹತ್ತಾರು ಮದುವೆಯಾಗಿ ಹೆಂಡಿರನ್ನು ತವರಿನಲ್ಲೇ ಬಿಟ್ಟಿರುತ್ತಿದ್ದರು. ವಿದ್ಯಾಸಾಗರರು ಅಂಥವರ ಹೆಸರು, ವಯಸ್ಸು, ಮದುವೆಗಳ ಸಂಖ್ಯೆಯನ್ನು ಪಟ್ಟಿಮಾಡಿ 1871ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಅಂದಿನ ಸರ್ಕಾರ ಶಾಸನ ಮಾಡಲಿಲ್ಲ. ಮುಂಬಯಿ ಪ್ರಾಂತ್ಯ 1946ರಲ್ಲಿ, ಮದರಾಸು 1949ರಲ್ಲಿ ಹಿಂದೂಗಳ ದ್ವಿಪತ್ನಿತ್ವವನ್ನು ನಿಷೇಧಿಸಿದವು. 1955ರ ಹಿಂದೂ ವಿವಾಹ ಶಾಸನ ಅದನ್ನು ದೇಶಕ್ಕೆ ವಿಸ್ತರಿಸಿತು. ಅನುಸೂಚಿತ ಬುಡಕಟ್ಟುಗಳಿಗೆ ಮಾತ್ರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಆ ಶಾಸನ ಅನ್ವಯಿಸುವುದಿಲ್ಲ. ಇಸ್ಲಾಂ ಧರ್ಮವು ನಾಲ್ವರವರೆಗೆ ಅನುಮತಿಸಿದರೂ ಎಲ್ಲರನ್ನೂ ಸಮನಾಗಿ ನಡೆಸಿಕೊಳ್ಳಬೇಕೆಂಬ ಷರತ್ತನ್ನು ಹಾಕಿದೆ. ಮುಸಲ್ಮಾನರೇ ಬಹುಸಂಖ್ಯಾತರಾದ ತುರ್ಕಿ 1926ರಲ್ಲಿ, ಟ್ಯುನೀಷಿಯಾ 1956ರಲ್ಲಿ ಬಹುಪತ್ನಿತ್ವವನ್ನು ರದ್ದುಗೊಳಿಸಿದವು. ಇದು ಯಾವುದೋ ಒಂದು ಮತದ ಪ್ರಶ್ನೆಯೆಂದು ಬೆರಳು ತೋರುವವರು ತಮ್ಮ ಮನೆಯ ಹಳೆಯ ವಂಶವೃಕ್ಷವನ್ನೊಮ್ಮೆ ತೆರೆದು ನೋಡುವುದು ಒಳಿತು. ನಾನು ನೋಡಿದ್ದೇನೆ.

ಯಾವ ಬಗೆಯ ಮದುವೆಯನ್ನಾದರೂ ತೂಗಿ ನೋಡಲು ನನಗೆ ಈಗ ಒಂದೇ ಅಳತೆಗೋಲು ಉಳಿದಿದೆ. ಗಂಡೆಷ್ಟು ಹೆಣ್ಣೆಷ್ಟು ಎಂಬ ಎಣಿಕೆ ಆಮೇಲಿನದು. ಒಪ್ಪಿದವಳಿಗೆ ಒಪ್ಪದಿರುವ ದಾರಿಯೂ ತೆರೆದಿತ್ತೇ ಎಂಬುದು ಮೊದಲ ಪ್ರಶ್ನೆ. ಶಾಸನವು ಎರಡನೆಯ ಮದುವೆಯನ್ನು ತಡೆಯಬಲ್ಲುದು. ಬಂಜೆಯೆಂಬ ಹಳಿಯುವಿಕೆಗೆ ಅಂಜಿ ತಲೆಬಾಗುವವಳ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವ ನಮ್ಮ ಅಭ್ಯಾಸವನ್ನು ನಾವೇ ಬಿಡಬೇಕು.

ದೊಡ್ಡಜ್ಜಿ ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಅತ್ತವರು ಚಿಕ್ಕಜ್ಜಿ. ಅಂದು ಅವರು “ಅಕ್ಕಾ” ಎಂದು ಕರೆದು ಅತ್ತರು. ‘ಸವತಿ’ ಎಂಬ ಮಾತು ಆ ಇಬ್ಬರ ಬಾಯಿಂದಲೂ ಬಂದದ್ದನ್ನು ನಾನು ಎಂದೂ ಕೇಳಲಿಲ್ಲ. ಅದು ಅವರ ದೊಡ್ಡತನ. ಆ ಏರ್ಪಾಟನ್ನು ಮಾಡಿದವರ ದೊಡ್ಡತನವಲ್ಲ.