ದೇಶ ಸುತ್ತುವ ಮೊದಲು ಓದಬೇಕಾದ ಕೋಶ

ದಾವಣಗೆರೆಯಲ್ಲಿ ಹಳೆಯ ಹೆದ್ದಾರಿಗೆ ಈಗಲೂ ಪಿ.ಬಿ. ರೋಡ್ ಎಂದೇ ಹೆಸರು. ಪುಣೆ–ಬೆಂಗಳೂರು ರೋಡು. ಲಾರಿಗಳೆಲ್ಲ ಬೈಪಾಸ್ ಹಿಡಿದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಊರೊಳಗೇ ಉಳಿದುಕೊಂಡಿದೆ. ಆ ಬೈಪಾಸ್ ಈಗ ರಾಷ್ಟ್ರೀಯ ಹೆದ್ದಾರಿ 48. ಒಂದು ತುದಿ ಚೆನ್ನೈಯಲ್ಲಿ, ಇನ್ನೊಂದು ತುದಿ ದೆಹಲಿಯಲ್ಲಿ. ಹರಿಹರದ ಕಡೆ ಮುಖ ಮಾಡಿ ಹೊರಟವನು ಹೆದ್ದಾರಿ ಬಿಡದೆ ಹೋಗುತ್ತಲೇ ಇದ್ದರೆ ದೆಹಲಿ ಮುಟ್ಟುತ್ತಾನೆ. ಈ ಸಾದಾ ಸಂಗತಿಯೇ ನಮ್ಮ ನಾಲ್ವರ ತಲೆ ಕೆಡಿಸಿತು.

ನಾಲ್ವರೂ ಒಂದೇ ಹೈಸ್ಕೂಲಿನವರು, ಎಲ್ಲರಿಗೂ ಅರವತ್ತರ ಆಸುಪಾಸು. ಒಬ್ಬ ಗ್ಯಾರೇಜ್ ಇಟ್ಟವನು, ಒಬ್ಬ ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆದವನು, ಒಬ್ಬರು ಮೇಷ್ಟ್ರು. ಓರಗೆಯವರಾದರೂ ಮೇಷ್ಟ್ರನ್ನು ಏಕವಚನದಲ್ಲಿ ಕರೆಯಲು ನಮಗೆ ಬಾಯಿ ಬಂದಿಲ್ಲ. ನಾಲ್ಕನೆಯವನು ನಾನು. ಭಾನುವಾರ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಸೇರುವುದು ಹಳೆಯ ರೂಢಿ. ನಿವೃತ್ತರಾದ ವಾರ ಮೇಷ್ಟ್ರು ಅಲ್ಲೇ ವಿಷಯ ಎತ್ತಿದರು. “ದೇಶ ಸುತ್ತು, ಕೋಶ ಓದು ಅಂತ ಸರ್ವಿಸ್ ಪೂರ್ತಿ ಮಕ್ಕಳಿಗೆ ಹೇಳಿದೀನಿ. ನಾನು ಹರಪನಹಳ್ಳಿ ದಾಟಿಲ್ಲ.” ಲೆಕ್ಕದವನು ಮಿರ್ಚಿ ಮುರಿಯುತ್ತ, “ಕೋಶ ಅಂದ್ರೆ ಬೊಕ್ಕಸ ಅಂತಾನೂ ಅರ್ಥ ಐತಿ ಮೇಷ್ಟ್ರೇ. ಮೊದ್ಲು ಅದನ್ನ ಓದೋಣ” ಎಂದ. ಮರುವಾರ ಇನ್ನೂರು ಪುಟದ ಉದ್ದ ನೋಟ್‌ಬುಕ್ಕಿನೊಂದಿಗೆ ಬಂದ. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಕೋಶ’ ಎಂದು ಬರೆದಿತ್ತು.

ಅವನ ಮೊದಲ ಸಲಹೆ ಸುವರ್ಣ ಚತುಷ್ಪಥ. ದೆಹಲಿ, ಕೋಲ್ಕತ್ತ, ಚೆನ್ನೈ, ಮುಂಬೈ ಮುಟ್ಟಿ ಬರುವ 5,846 ಕಿಲೋಮೀಟರ್. “ಲಾರಿಯೋರು ಓಡೋ ರೂಟು ಅದು. ಡಿವೈಡರಿನ ಕಣಗಲೆ ಹೂವ ನೋಡ್ಕೊಂಡು ಬರಾಕೆ ನಾನ್ಯಾಕೆ ಬರ್ಲಿ?” ಎಂದು ಗ್ಯಾರೇಜಿನವನು ತಳ್ಳಿಹಾಕಿದ. ಜಗಳವಾಡಿ ಕೊನೆಗೆ ನಕ್ಷೆಯ ಮೇಲೆ ಎಳೆದ ಗೆರೆ ಪುಣೆ, ಅಹಮದಾಬಾದ್, ಉದಯಪುರ, ಜೈಪುರ, ಅಮೃತಸರದ ಮೇಲೆ ಜಮ್ಮು, ಶ್ರೀನಗರಕ್ಕೆ ಹೋಯಿತು. ಅಲ್ಲಿಂದ ಲೇಹ್, ಮನಾಲಿ, ಹೃಷಿಕೇಶ, ಲಖನೌ, ಕಾಶಿ, ಗಯಾ, ಸಿಲಿಗುರಿ, ಗುವಾಹಟಿ, ಶಿಲ್ಲಾಂಗ್. ಈಶಾನ್ಯಕ್ಕೆ ಹೋಗುವವರಿಗೂ ಬರುವವರಿಗೂ ಸಿಲಿಗುರಿಯ ಹತ್ತಿರದ ಆ ಕಿರಿದಾದ ನೆಲವೇ ಬಾಗಿಲು. ಅತಿ ಕಿರಿದಾದ ಕಡೆ ಅದರ ಅಗಲ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ. ಆದ್ದರಿಂದ ಹೋದ ದಾರಿಯಲ್ಲೇ ಹಿಂತಿರುಗಿ ಕೋಲ್ಕತ್ತ, ಭುವನೇಶ್ವರ, ವಿಶಾಖಪಟ್ಟಣ, ವಿಜಯವಾಡ, ಬಳ್ಳಾರಿ, ಮನೆ. ಕೂಡಿದರೆ ಒಂಬತ್ತೂವರೆ ಸಾವಿರ ಕಿಲೋಮೀಟರಿಗೆ ತುಸು ಮೇಲೆ. ಊರೊಳಗಿನ ಓಡಾಟವನ್ನೂ ದಾರಿ ತಪ್ಪುವುದನ್ನೂ ಸೇರಿಸಿ ಲೆಕ್ಕದವನು 11,000 ಎಂದು ಬರೆದುಕೊಂಡ. ದಿನ 45.

ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು. ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆ, ದರವೂ ಬೇರೆ. ಹಾಗಾಗಿ ಸರಾಸರಿ 105 ರೂಪಾಯಿ ಹಿಡಿದೆವು. ಪೆಟ್ರೋಲಿಗೆ 77,000. ನಾಲ್ವರಿಗೂ ಸೇರಿ ರಾತ್ರಿಗೆ 1,500ರಂತೆ ವಸತಿ 66,000. ತಲೆಗೆ ದಿನಕ್ಕೆ 400ರಂತೆ ಊಟ 72,000. ಟೋಲಿಗೆ 5,000, ಗಾಡಿಯ ಸರ್ವಿಸ್, ಟಯರಿಗೆ 20,000, ಪ್ರವೇಶ ಶುಲ್ಕ, ಪಾರ್ಕಿಂಗ್ ಇತ್ಯಾದಿಗೆ 20,000. ಯಾರೂ ಮುಟ್ಟಬಾರದ ಮೀಸಲು 40,000. ಒಟ್ಟು ಮೂರು ಲಕ್ಷ, ತಲೆಗೆ 75,000.

ಟೋಲಿನ ಅಂಕಿ ಇಷ್ಟು ಕಡಿಮೆಯೇ ಎಂದು ಕೇಳಿದವರುಂಟು. ಖಾಸಗಿ ಕಾರುಗಳಿಗೆಂದು 2025ರ ಆಗಸ್ಟ್ 15ರಂದು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಆಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ನಮ್ಮ ದಾರಿಗೆ ಹೆಚ್ಚುಕಡಿಮೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಮಾತ್ರ. ಮುಂಬೈ–ಪುಣೆ, ಆಗ್ರಾ–ಲಖನೌ ಎಕ್ಸ್‌ಪ್ರೆಸ್‌ವೇಗಳು ರಾಜ್ಯದ ಸಂಸ್ಥೆಗಳವು, ಅಲ್ಲಿ ಕೈಯಿಂದ ಕಟ್ಟಬೇಕು. ಉಳಿದ 2,000 ಅದಕ್ಕೆ.

ಈ ಪುಟ ಮುಗಿದ ಮೇಲೆ ಲೆಕ್ಕದವನು ಕೆಳಗೆ ಒಂದು ಸಾಲು ಸೇರಿಸಿದ: ‘ಮೀಸಲು ಬಿಟ್ಟು ಒಂದು ದಿನದ ಬೆಲೆ 5,800.’ ಅಲ್ಲಿಂದ ಮುಂದೆ ವಾದದ ಧಾಟಿಯೇ ಬದಲಾಯಿತು. ಅಗ್ಗದ ಪ್ರವಾಸವೆಂದರೆ ಅಗ್ಗದ ಲಾಡ್ಜ್ ಹುಡುಕುವುದು ಎಂದೇ ನಾನೂ ತಿಳಿದಿದ್ದೆ. ರಾತ್ರಿಗೆ ಇನ್ನೂರು ಉಳಿಸಲು ಗಂಟೆಗಟ್ಟಲೆ ಊರು ಸುತ್ತುವುದಕ್ಕಿಂತ ಒಂದು ಊರನ್ನೇ ಬಿಡುವುದರಲ್ಲಿ ಲಾಭ ಹೆಚ್ಚು. ಮೇಷ್ಟ್ರಿಗೆ ತವಾಂಗ್ ನೋಡುವ ಆಸೆ. ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್ ಬೇಕು, ಅದೇನೂ ಕಷ್ಟವಲ್ಲ. ಆದರೆ ಗುವಾಹಟಿಯಿಂದ ಹೋಗಲು ಎರಡು ದಿನ, ಬರಲು ಎರಡು, ಅಲ್ಲೊಂದು. ಐದು ದಿನಕ್ಕೆ 29,000. ಮೇಷ್ಟ್ರು ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿ, ಎರಡು ಸಲ ಓದಿ, ತಾವೇ ಗೀಟು ಹಾಕಿದರು. ಕನ್ಯಾಕುಮಾರಿಯನ್ನೂ ಬಿಟ್ಟೆವು. ಅದನ್ನು ಬಿಟ್ಟು ದೇಶ ಸುತ್ತಿದೆವೆಂದು ಹೇಗೆ ಹೇಳುತ್ತೀರಿ ಎಂದು ಮಂಡಕ್ಕಿ ಅಂಗಡಿಯವನೇ ತಕರಾರು ತೆಗೆದ. ಹೇಳುವುದಿಲ್ಲ ಬಿಡಪ್ಪಾ ಎಂದೆವು.

ನಿಜವಾದ ತಲೆನೋವು ದುಡ್ಡಿನದಲ್ಲ, ದಿಕ್ಕಿನದು. ಇಷ್ಟು ದೊಡ್ಡ ದೇಶಕ್ಕೆ ಒಂದೇ ಹಂಗಾಮು ಎಂಬುದಿಲ್ಲ. ಮೇ, ಜೂನಿನಲ್ಲಿ ರಾಜಸ್ಥಾನ ಬಾಣಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಘಾಲಯದಲ್ಲಿ ಮಳೆ, ಅಸ್ಸಾಮಿನಲ್ಲಿ ನೆರೆ. ಚಳಿಗಾಲ ಬಂತೆಂದರೆ ಮನಾಲಿ–ಲೇಹ್ ದಾರಿಯ ಮೇಲೆ ಹಿಮ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಂಗಾ ಬಯಲಿಗೆ ಮಂಜು ಇಳಿದರೆ ಮುಂದಿನ ಲಾರಿಯ ಬಾಲದೀಪವೂ ಕಾಣದು. ಅಕ್ಟೋಬರ್, ನವೆಂಬರಿನಲ್ಲಿ ಪೂರ್ವ ಕರಾವಳಿಗೆ ಚಂಡಮಾರುತ: 2013ರ ಫೈಲಿನ್, 2014ರಲ್ಲಿ ವಿಶಾಖಪಟ್ಟಣವನ್ನು ಕೆಡವಿದ ಹುದ್‌ಹುದ್ ಎರಡೂ ಅಕ್ಟೋಬರಿನವೇ. ಎಲ್ಲವನ್ನೂ ತಪ್ಪಿಸುವ ತಿಂಗಳಿಲ್ಲ. ಯಾವುದನ್ನು ಎಲ್ಲಿ ಎದುರಿಸುವುದು ಎಂದು ಆರಿಸಿಕೊಳ್ಳಬಹುದು, ಅಷ್ಟೆ.

ಇಲ್ಲೇ ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ ಎಂಬ ಚರ್ಚೆ ಹುಟ್ಟಿತು. ಮೇಷ್ಟ್ರು ಶಾಸ್ತ್ರದ ಮಾತು ತೆಗೆದರು, ಗ್ಯಾರೇಜಿನವನು ನಕ್ಕ. ಕೊನೆಗೆ ನೋಡಿದರೆ ಶಾಸ್ತ್ರವೂ ಹವಾಮಾನವೂ ಒಂದೇ ಕಡೆ ಇದ್ದವು. ಪಶ್ಚಿಮದಿಂದ ಮೇಲೆ ಹೋಗಿ ಪೂರ್ವದಿಂದ ಕೆಳಗಿಳಿದರೆ ದಾರಿ ಮುಚ್ಚುವ ಮೊದಲು ಲಡಾಖ್, ಮಳೆ ಮುಗಿದ ಮೇಲೆ ಈಶಾನ್ಯ. ತಿರುಗಾಮುರುಗಾ ಹೋದರೆ ಎರಡೂ ಕೆಡುತ್ತವೆ. ಇನ್ನೊಂದು ಅನುಕೂಲ ವೈದ್ಯರನ್ನು ಕೇಳಿದಾಗ ತಿಳಿಯಿತು. ನಮ್ಮಲ್ಲಿ ಇಬ್ಬರಿಗೆ ಬಿ.ಪಿ., ಒಬ್ಬನಿಗೆ ಸಕ್ಕರೆ. ಶ್ರೀನಗರದ ಎತ್ತರ ಸುಮಾರು 1,600 ಮೀಟರ್, ಕಾರ್ಗಿಲ್ 2,700, ಲೇಹ್ 3,500. ಮೆಟ್ಟಿಲು ಹತ್ತಿದ ಹಾಗೆ, ದೇಹಕ್ಕೆ ಹೊಂದಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಮನಾಲಿ ಕಡೆಯಿಂದ ಹತ್ತಿದರೆ ಲೇಹ್ ಸಿಗುವ ಮೊದಲೇ ಐದು ಸಾವಿರ ಮೀಟರಿನ ಕಣಿವೆಗಳನ್ನು ದಾಟಬೇಕು, ನಡುವೆ ಸರ್ಚುವಿನಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಮಲಗಬೇಕು. ನಾವು ಅದೇ ದಾರಿಯಲ್ಲಿ ಇಳಿಯುತ್ತೇವೆ, ಆಗ ಮೈ ಪಳಗಿರುತ್ತದೆ.

ನಿಜ ಹೇಳಬೇಕೆಂದರೆ ನಾವು 2025ರ ಸೆಪ್ಟೆಂಬರ್ ಮೊದಲ ವಾರವೇ ಹೊರಡಬೇಕಿತ್ತು. ಚೀಲ ಕಟ್ಟಿಯಾಗಿತ್ತು. ಆಗಸ್ಟ್ ಕೊನೆಯಲ್ಲಿ ಬಿಯಾಸ್ ನದಿ ಉಕ್ಕಿ ಕುಲ್ಲು–ಮನಾಲಿ ರಸ್ತೆಯನ್ನು ಅಲ್ಲಲ್ಲಿ ನುಂಗಿತು. ಜಮ್ಮು–ಶ್ರೀನಗರ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಪಂಜಾಬಿನ ಹಳ್ಳಿಗಳು ನೀರಿನಲ್ಲಿ ನಿಂತವು. ಟಿ.ವಿ. ನೋಡಿದ ಮನೆಯವರು ಏನಂದರೆಂದು ಬರೆಯುವ ಅಗತ್ಯವಿಲ್ಲ. ಚೀಲ ಬಿಚ್ಚಿದೆವು. ಮುಂಗಡ ಕೊಟ್ಟಿದ್ದ ಒಂದು ವಸತಿಯವರು ಹಣ ಹಿಂತಿರುಗಿಸಲಿಲ್ಲ. ‘ರದ್ದು ಮಾಡಿದರೆ ಹಣ ವಾಪಸ್ ಇದ್ದಲ್ಲಿ ಮಾತ್ರ ಬುಕಿಂಗ್’ ಎಂಬ ಸಾಲು ಕೋಶಕ್ಕೆ ಸೇರಿತು. ಈಗಿನ ಯೋಜನೆ: ಗಣೇಶನನ್ನು ನೀರಿಗೆ ಬಿಟ್ಟು ಹೊರಡುವುದು, ದೀಪಾವಳಿಗೆ ಮನೆ ಸೇರುವುದು. ನೆರೆಯ ಭಯ ಕಡಿಮೆಯಾಯಿತು, ಬದಲಿಗೆ ಅಕ್ಟೋಬರ್ ಕೊನೆಯ ಚಂಡಮಾರುತದ ಭಯವನ್ನು ಮನೆಗೆ ತಂದುಕೊಂಡೆವು. ಹಾಗೇನಾದರೂ ಆದರೆ ಕೋಲ್ಕತ್ತದಿಂದ ಕರಾವಳಿ ಬಿಟ್ಟು ರಾಂಚಿ, ರಾಯಪುರ, ನಾಗಪುರ, ಹೈದರಾಬಾದ್ ಮೇಲೆ ಇಳಿಯುವುದು. ಆ ದಾರಿಯ ದೂರವನ್ನೂ ಬರೆದಿಟ್ಟಿದ್ದೇವೆ.

ಗಾಡಿ ಯಾವುದು? ಗ್ಯಾರೇಜಿನವನಿಗೆ ತನ್ನ ಡೀಸೆಲ್ ಜೀಪಿನ ಮೇಲೆ ಪ್ರಾಣ. ಆದರೆ ಅದಕ್ಕೆ ಹನ್ನೊಂದು ವರ್ಷ, ಮತ್ತು ದೆಹಲಿ ಸುತ್ತಮುತ್ತ ಹಳೆಯ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧ ಯಾವಾಗ ಬಿಗಿಯಾಗುತ್ತದೆ, ಯಾವಾಗ ಸಡಿಲವಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಸಿಎನ್‌ಜಿ ಅಗ್ಗ, ಆದರೆ ಸಿಲಿಂಡರ್ ಡಿಕ್ಕಿಯನ್ನು ತಿನ್ನುತ್ತದೆ, ಲೇಹ್ ದಾರಿಯಲ್ಲಿ ನೆಚ್ಚಿಕೊಳ್ಳುವಂತೆಯೂ ಇಲ್ಲ. ಆ ದಾರಿಯ ತಾಂಡಿಯಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂದು ಸಾರುವ ಫಲಕ ಪೆಟ್ರೋಲ್ ಗಾಡಿಯವರಿಗೇ ಸಾಕಷ್ಟು ದಿಗಿಲು ಹುಟ್ಟಿಸುವಂಥದ್ದು. ಬಾಡಿಗೆ ಕಾರು ಬೇಡವೆಂದದ್ದೂ ಲಡಾಖಿನ ಕಾರಣಕ್ಕೇ, ಹೊರಗಿನ ಬಾಡಿಗೆ ಗಾಡಿಗಳಲ್ಲಿ ತಿರುಗಾಡಲು ಅಲ್ಲಿನ ಟ್ಯಾಕ್ಸಿಯವರು ಬಿಡುವುದಿಲ್ಲ. ಕೊನೆಗೆ ಲೆಕ್ಕದವನ ಪೆಟ್ರೋಲ್ ಕಾರೇ ಗಟ್ಟಿಯಾಯಿತು. ವಿಮೆಯ ಕಾಗದ ತೆಗೆದಾಗ ಒಂದು ಸತ್ಯ ಹೊರಬಿತ್ತು. ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ಚಾಲಕನಿಗೆ ಮಾತ್ರ. “ಅಂದ್ರೆ ನಾವು ಮೂವರು ಸತ್ರೆ ಬಿಟ್ಟಿನಾ?” ಎಂದ ಗ್ಯಾರೇಜಿನವನು. ಪ್ರಯಾಣಿಕರಿಗೂ ವಿಮೆ ಸೇರಿಸಿದೆವು, ದೊಡ್ಡ ಖರ್ಚೇನಲ್ಲ.

ಕತ್ತಲಾದ ಮೇಲೆ ಸ್ಟೇರಿಂಗ್ ಮುಟ್ಟುವಂತಿಲ್ಲ ಎಂಬ ನಿಯಮಕ್ಕೆ ಮಾತ್ರ ಯಾರೂ ಎದುರಾಡಲಿಲ್ಲ. 2022 ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದೀಪವಿಲ್ಲದೆ ನಿಂತ ಲಾರಿಗೆ ಹೊಡೆದ ಗಾಡಿಗಳನ್ನು ಎಳೆದು ತಂದವನು ನಮ್ಮ ನಡುವೆಯೇ ಇದ್ದ. ಬಯಲಿನಲ್ಲಿ ದಿನಕ್ಕೆ 400, ಬೆಟ್ಟದಲ್ಲಿ 150 ಕಿಲೋಮೀಟರ್ ಮಿತಿ. ಇಡೀ ದೇಶಕ್ಕೆ ಒಂದೇ ಗಡಿಯಾರವಾದ್ದರಿಂದ ಅಕ್ಟೋಬರ್ ನಡುವಿಗೆ ಗುವಾಹಟಿಯಲ್ಲಿ ಸೂರ್ಯ ಐದು ಗಂಟೆಗೇ ಮುಳುಗುತ್ತಾನೆ, ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಅಲ್ಲಿ ಬೆಳಗ್ಗೆ ಐದೂವರೆಗೆ ಹೊರಡಬೇಕು. ಮೇಷ್ಟ್ರಿಗೆ ಅದು ಸುಪ್ರಭಾತದ ಹೊತ್ತು, ನನಗೆ ನಡುರಾತ್ರಿ.

ಚಿಕ್ಕಪುಟ್ಟ ಎಚ್ಚರಿಕೆಗಳು ಬೇರೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖಿನಲ್ಲಿ ಓಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ನಮ್ಮಲ್ಲಿ ಇಬ್ಬರು ಬದಲಿಸಿಕೊಂಡರು. ಗುಜರಾತಿನಲ್ಲೂ ಬಿಹಾರದಲ್ಲೂ ಪಾನನಿಷೇಧ. ಡಿಕ್ಕಿಯ ಮೂಲೆಯಲ್ಲಿ ಮರೆತ ಒಂದು ಬಾಟಲಿ ಸಾಕು, ಬಿಹಾರದಲ್ಲಿ ಗಾಡಿಯನ್ನೇ ಜಪ್ತಿ ಮಾಡಬಹುದು. ಇದನ್ನು ಓದಿ ಹೇಳಿದಾಗ ಎಲ್ಲರೂ ಒಬ್ಬನ ಕಡೆಯೇ ನೋಡಿದರು. ಯಾರೆಂದು ಹೇಳುವುದಿಲ್ಲ.

ಮಾರ್ಚಿನಲ್ಲಿ ಮೂರು ದಿನ ಬಾದಾಮಿ, ವಿಜಯಪುರಕ್ಕೆ ಹೋಗಿ ಬಂದೆವು, ಪರೀಕ್ಷೆಗೆಂದು. ಐವತ್ತು ವರ್ಷದ ಗೆಳೆತನದಲ್ಲಿ ತಿಳಿಯದ್ದು ಮೂರು ದಿನಕ್ಕೆ ತಿಳಿಯಿತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಮುಂದೆ ಮೇಷ್ಟ್ರು ಒಂದೂವರೆ ಗಂಟೆ ನಿಂತರು. ಗ್ಯಾರೇಜಿನವನ ಗೊರಕೆ ಹೈಡ್ರಾಲಿಕ್ ಜಾಕಿನಂತೆ ಮೆಲ್ಲಗೆ ಏರಿ ದಡಕ್ಕನೆ ಇಳಿಯುತ್ತದೆ. ಲೆಕ್ಕದವನು ಹತ್ತು ರೂಪಾಯಿ ಚಹಾಕ್ಕೂ ಚೀಟಿ ಕೇಳುತ್ತಾನೆ. ನಾನು ದಾರಿ ಹೇಳುವಾಗ ಎಡ, ಬಲ ತಪ್ಪುತ್ತೇನಂತೆ. ಮೂರನೆಯ ದಿನ ಕೊಲ್ಹಾರ ದಾಟಿದ ಮೇಲೆ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಆಮೇಲೆ ಬರೆದ ಪುಟವೇ ಕೋಶದಲ್ಲಿ ನನಗೆ ಹೆಚ್ಚು ಇಷ್ಟದ್ದು. ಐದು ದಿನಕ್ಕೊಮ್ಮೆ ಕಾರು ನಿಲ್ಲಬೇಕು, ಅಂದು ಸಂಜೆಯವರೆಗೆ ಯಾರೂ ಯಾರ ಜೊತೆಗೂ ಹೋಗುವಂತಿಲ್ಲ. ಕೋಣೆಯ ಜೋಡಿ ವಾರಕ್ಕೊಮ್ಮೆ ಬದಲಾಗಬೇಕು, ಗೊರಕೆ ಒಬ್ಬನ ಪಾಲಿಗೇ ಬೀಳಬಾರದು. ಹಾಡು ಯಾವುದೆಂದು ಗಾಡಿ ಓಡಿಸುವವನು ಹೇಳಬೇಕು. ನಡುವೆ ಯಾರಿಗಾದರೂ ಸಾಕೆನಿಸಿದರೆ ಹತ್ತಿರದ ರೈಲು ನಿಲ್ದಾಣಕ್ಕೆ ಬಿಟ್ಟು ಬರುವುದು, ಕಾರಣ ಕೇಳುವಂತಿಲ್ಲ. ಆದರೆ ಪೆಟ್ರೋಲಿನ ಪಾಲು ವಾಪಸಿಲ್ಲ. ಒಬ್ಬ ಇಳಿದ ಮಾತ್ರಕ್ಕೆ ಕಾರು ಮುಕ್ಕಾಲು ಪೆಟ್ರೋಲ್ ಕುಡಿಯುವುದಿಲ್ಲವಲ್ಲ. ಆದ್ದರಿಂದ ಆ ಪಾಲನ್ನು, ತಲೆಗೆ 20,000ದಂತೆ, ಹೊರಡುವ ಮೊದಲೇ ಒಂದು ಖಾತೆಗೆ ಹಾಕಬೇಕು. ಊಟ, ವಸತಿಯದ್ದು ವಾರ ವಾರ.

ಊಟದ ಲೆಕ್ಕ ತೂಗಿಸುವುದು ಡಿಕ್ಕಿಯ ಎಡಮೂಲೆ. ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಎರಡು, ಮೂರು ವಾರ ಕೆಡದ ಸರಕು, ಎಲ್ಲಿ ಮೊಸರು ಸಿಕ್ಕರೂ ಅಲ್ಲಿ ಊಟ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ, ಕರ್ನಾಟಕದಿಂದ ಹೋದವರು ಇಳಿದುಕೊಳ್ಳುವ ಜಾಗ, ಕನ್ನಡ ಕಿವಿಗೆ ಬೀಳುತ್ತದೆ. ಅಮೃತಸರದಲ್ಲಿ ಲಂಗರ್ ಇದೆ. ಲೆಕ್ಕದವನು ಅಲ್ಲಿನ ಎರಡು ದಿನದ ಊಟಕ್ಕೆ ಸೊನ್ನೆ ಬರೆದಿದ್ದ. ಮೇಷ್ಟ್ರಿಗೆ ಸಿಟ್ಟು ಬಂದದ್ದು ಆವತ್ತೊಂದೇ. ಅಲ್ಲಿ ಉಂಡವರು ತಟ್ಟೆ ತೊಳೆಯಲು ಕೂರಬೇಕು, ಹುಂಡಿಗೂ ಹಾಕಬೇಕು ಎಂದು ಸೊನ್ನೆ ಹೊಡೆದು 3,200 ಬರೆದರು. ಅದು ನಾಲ್ವರ ಎರಡು ದಿನದ ಊಟದ ಪೂರಾ ದುಡ್ಡು.

ಕಾರು ಈಗ ಗ್ಯಾರೇಜಿನಲ್ಲಿದೆ. ಬ್ರೇಕ್ ಪ್ಯಾಡ್, ಬೆಲ್ಟು ಹೊಸದು. ಸ್ಟೆಪ್ನಿಗೂ ಹೊಸ ಟಯರ್. ಹತ್ತು ಸಾವಿರ ಕಿಲೋಮೀಟರಿನ ಸರ್ವಿಸ್ ನಡುದಾರಿಯಲ್ಲೇ ಬರುವುದರಿಂದ, ಲಡಾಖಿನಿಂದ ಇಳಿದ ಮೇಲೆ ಚಂಡೀಗಢದಲ್ಲಿ ಆಯಿಲ್ ಬದಲಿಸುವುದೆಂದು ಗ್ಯಾರೇಜಿನವನು ಬರೆಸಿದ್ದಾನೆ.

ಹೋದ ಭಾನುವಾರ ಖಾತೆ ನೋಡಿದೆವು. ಮೂವರದು ಇಪ್ಪತ್ತಿಪ್ಪತ್ತು ಸಾವಿರ ಬಂದಿದೆ. ಮೇಷ್ಟ್ರದು 18,340. ಉಳಿದದ್ದೆಲ್ಲಿ ಎಂದು ಲೆಕ್ಕದವನು ಕನ್ನಡಕ ಏರಿಸಿ ಕೇಳಿದ. ಮೇಷ್ಟ್ರು ಜೇಬಿನಿಂದ ಮಡಿಸಿಟ್ಟ ಕಾಗದ ತೆಗೆದು ಹರವಿದರು. ಯೋಜನೆ ಶುರುವಾದ ದಿನದಿಂದ ತಾವೇ ಕೊಟ್ಟ ಮಂಡಕ್ಕಿ, ಮಿರ್ಚಿ, ಚಹಾದ ಲೆಕ್ಕ, ತಾರೀಖಿನ ಸಮೇತ. ಒಟ್ಟು 1,660.