ಸಣ್ಣ ಮೀನಿಗೆ ಗಾಳದ ಕೋಲು: ಕೆಲವು ಭ್ರಮೆಗಳು, ಕೆಲವು ನಿಜಗಳು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಂಚಿನಲ್ಲಾಗಲಿ, ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಾಗಲಿ, ನ್ಯಾಮತಿಯ ಸುತ್ತಣ ಹಳ್ಳಿಯ ಕೆರೆಗಳಲ್ಲಾಗಲಿ, ಅದೇ ತುಂಗಭದ್ರೆಯ ನೀರು ಈಚೆಗೆ ಕೊಳವೆಯಲ್ಲಿ ಏರಿಬಂದು ತುಂಬಿಸಿದ ಜಗಳೂರು ಸೀಮೆಯ ಕೆರೆಗಳಲ್ಲಾಗಲಿ, ವಿನೋದಕ್ಕೆಂದು ಗಾಳ ಹಾಕಿ ಕುಳಿತವನ ಕೈಗೆ ಬಹುಮಟ್ಟಿಗೆ ಬರತಕ್ಕದ್ದು ಕಾಟ್ಲಾ ರೋಹುಗಳಲ್ಲ. ಅಂಗೈಯಗಲದ ಜಿಲೇಬಿ, ಬೆರಳುದ್ದದ ಪಕ್ಕೆ, ಇಲ್ಲವೇ ಗೆಂಡೆಯ ಮರಿ. 1952ರಲ್ಲಿ ಭಾರತಕ್ಕೆ ತಂದುಬಿಟ್ಟ ಆ ಆಫ್ರಿಕದ ಜಿಲೇಬಿಯು, ತಾಯಿಯು ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಸಾಕುವ ಜಾತಿಯಾದುದರಿಂದ, ಕೆರೆಯ ಆಹಾರಕ್ಕೆ ಮೀರಿ ಸಂತಾನವೃದ್ಧಿಯನ್ನು ಪಡೆದು, ಆ ಕಾರಣದಿಂದಲೇ ಗಾತ್ರದಲ್ಲಿ ಕುಗ್ಗಿಹೋಗುತ್ತದೆ. ಹಿಡಿಯುವ ಮೀನು ಇಷ್ಟು ಸಣ್ಣದೆಂದು ಬಲ್ಲವನೂ ಅಂಗಡಿಗೆ ಹೋದಾಗ ಹೆಬ್ಬೆರಳು ದಪ್ಪದ ಕೋಲನ್ನೇ ಕೇಳಿ ತರುವುದು ವಿಚಿತ್ರವಾದರೂ ಸತ್ಯ.

ಗಟ್ಟಿಯಾದ ಕೋಲಿದ್ದರೆ ದೊಡ್ಡದೂ ಸಿಕ್ಕೀತು, ಚಿಕ್ಕದೂ ಸಿಕ್ಕೀತು ಎಂಬ ನಂಬಿಕೆಯೇ ಇದಕ್ಕೆ ಮೂಲ. ಆದರೆ ಗಾಳದ ಕೋಲಿನ ಕೆಲಸ ಮೀನನ್ನು ಎತ್ತುವುದಕ್ಕಿಂತ ಮೊದಲು ಎರೆಯನ್ನು ಎಸೆಯುವುದು. ಬಿಲ್ಲಿನಂತೆ ತಾನು ಬಾಗಿ, ಆ ಬಾಗಿನಲ್ಲಿ ಸಂಚಿತವಾದ ಶಕ್ತಿಯನ್ನು ಬಿಡುವುದರಿಂದಲೇ ಅದು ಎಸೆಯಬಲ್ಲದು. ಎರಡು ಮೂರು ಗ್ರಾಂ ತೂಕದ ಸಣ್ಣ ಗುಂಡಿಗೆ ದಪ್ಪ ಕೋಲು ಬಾಗುವುದೇ ಇಲ್ಲವಾಗಿ, ತೋಳು ಎಷ್ಟು ಬೀಸಿದರೂ ಎರೆ ಕಾಲಬುಡದಲ್ಲಿಯೇ ಬೀಳುತ್ತದೆ. ಇನ್ನು ಸಣ್ಣ ಮೀನಿಗೆ ಕಟ್ಟುವ ತಂಗೂಸಿಯಾದರೋ ನಾಲ್ಕು ಪೌಂಡಿನದು, ಎಂದರೆ ಸುಮಾರು 1.8 ಕಿಲೋ ಎಳೆತಕ್ಕೆ ತುಂಡಾಗತಕ್ಕದ್ದು. ಮೀನು ಥಟ್ಟನೆ ತಿರುಗಿ ಓಡಿದಾಗ ಬಗ್ಗದ ಕೋಲು ಆ ಜಗ್ಗನ್ನೆಲ್ಲ ದಾರದ ಮೇಲೆಯೇ ಹೇರುತ್ತದೆ, ಬಳುಕುವ ಕೋಲು ತಾನು ಬಾಗಿ ದಾರವನ್ನು ಉಳಿಸುತ್ತದೆ. ಕಾಲು ಕಿಲೋದ ಜಿಲೇಬಿ ನೀರಿನೊಳಗಿರುವಾಗ ತೂಗುವುದು ನಗಣ್ಯ. ಸೆಣಸಬೇಕಾದದ್ದು ಅದರ ಈಜಿನೊಡನೆ ಮಾತ್ರ. ರೀಲಿನ ಬಿಗಿಯನ್ನು ದಾರದ ಶಕ್ತಿಯ ಕಾಲುಭಾಗಕ್ಕೋ ಮೂರರಲ್ಲೊಂದಕ್ಕೋ ಇಟ್ಟುಕೊಂಡರೆ ಸಾಕು.

ಡಬ್ಬದ ಮೇಲೆ ‘ಅಲ್ಟ್ರಾಲೈಟ್’ ಎಂದು ಅಚ್ಚಾದುದನ್ನು ಕಂಡು ಕೋಲಿನ ತೂಕ ಕಡಿಮೆಯೆಂದು ತಿಳಿಯುವವರೂ ಉಂಟು. ಅದು ಹೇಳುವುದು ಕೋಲಿನ ಬಲವನ್ನು. ಎಷ್ಟು ತೂಕದ ಎರೆಗೆ, ಎಷ್ಟು ಪೌಂಡಿನ ದಾರಕ್ಕೆ ಅದು ತಕ್ಕದ್ದು ಎಂಬುದನ್ನು ಹಿಡಿಯ ಮೇಲ್ಭಾಗದಲ್ಲಿ ಬರೆದಿರುತ್ತಾರೆ. ಒಂದರಿಂದ ಏಳು ಗ್ರಾಂ, ಎರಡರಿಂದ ಆರು ಪೌಂಡು ಎಂದಿದ್ದರೆ ನಮ್ಮ ಕೆಲಸಕ್ಕೆ ಒಪ್ಪುತ್ತದೆ. ಎಲ್ಲ ತಯಾರಕರಿಗೂ ಸಮಾನವಾದ ಅಳತೆಗೋಲಿಲ್ಲವಾದುದರಿಂದ ಹೆಸರಿಗಿಂತ ಈ ಅಂಕಿಗಳನ್ನು ನಂಬುವುದು ಮೇಲು.

ಅಂಕಿಯೆಂದೊಡನೆ ಇನ್ನೊಂದು ಭ್ರಮೆಯನ್ನು ಪ್ರಸ್ತಾಪಿಸಬೇಕು. ಕಾರ್ಬನ್ ನಾರಿನ ಕೋಲುಗಳ ಮೇಲೆ ಅಚ್ಚಾದ ಗುರುತುಗಳಲ್ಲಿ ಐಎಂ-6ಕ್ಕಿಂತ ಐಎಂ-8 ಶ್ರೇಷ್ಠ, 24 ಟನ್ನಿಗಿಂತ 30 ಟನ್ ಶ್ರೇಷ್ಠ, ಆದುದರಿಂದ ಹೆಚ್ಚು ಹಣ ಕೊಟ್ಟದ್ದು ಸಾರ್ಥಕ ಎಂಬ ವಾದವನ್ನು ಅಂಗಡಿಯವರು ಬಹು ಗಂಭೀರವಾಗಿ ಮಂಡಿಸುತ್ತಾರೆ. 1973ರ ಸುಮಾರಿನಲ್ಲಿ ಅಮೆರಿಕದ ಫೆನ್‌ವಿಕ್ ಕಂಪನಿ ಕಾರ್ಬನ್ ನಾರಿನ ಕೋಲನ್ನು ಮಾರುಕಟ್ಟೆಗೆ ತಂದಂದಿನಿಂದ ಈ ನಾರಿಗೆ ದೊರೆತ ಪ್ರತಿಷ್ಠೆ ನಿರಾಧಾರವೇನಲ್ಲ. ಹಗುರತೆಯಲ್ಲಿಯೂ, ಮೀನಿನ ಮುಟ್ಟನ್ನು ಕೈಗೆ ತಲಪಿಸುವ ಸೂಕ್ಷ್ಮತೆಯಲ್ಲಿಯೂ ಅದು ಗಾಜಿನ ನಾರನ್ನು ಮೀರಿಸುತ್ತದೆ. ಆದರೆ ಐಎಂ ಎಂಬುದು ಮೂಲತಃ ಒಬ್ಬ ನಾರಿನ ತಯಾರಕನ ವ್ಯಾಪಾರನಾಮ. ಅದನ್ನು ಯಾರು ಯಾವ ಅರ್ಥದಲ್ಲಿ ಅಚ್ಚುಹಾಕಿದ್ದಾರೆಂಬುದಕ್ಕೆ ಕಟ್ಟುಪಾಡಿಲ್ಲ. ಟನ್ ಎಂಬುದಂತೂ ನಾರಿನ ಬಿರುಸನ್ನು ಅಳೆಯುತ್ತದೆಯೇ ಹೊರತು ತಾಳಿಕೆಯನ್ನಲ್ಲ. ಬಿರುಸು ಹೆಚ್ಚಿದಷ್ಟೂ ಭಿತ್ತಿ ತೆಳುವಾಗಿ, ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವಾಗ ತಗಲಿದ ಒಂದು ಪೆಟ್ಟಿಗೆ ಸೀಳುವ ಸಂಭವವೂ ಹೆಚ್ಚು. ಹುಡುಗರ ಕೈಗೆ ಕೊಡುವುದಾದರೆ, ಇಲ್ಲವೇ ಜಾಲಿಯ ಪೊದೆಗಳ ನಡುವೆ ನುಸುಳಿ ನಡೆಯುವವರಾದರೆ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಗಾಜಿನ ನಾರಿನ ಕೋಲನ್ನೋ, ಎರಡೂ ನಾರು ಬೆರೆತದ್ದನ್ನೋ ಕೊಳ್ಳುವುದೇ ವಿವೇಕವೆಂದು ನನ್ನ ಮತ. ಕಾರ್ಬನ್ ವಿದ್ಯುದ್ವಾಹಕವೆಂಬುದನ್ನೂ ಮರೆಯಲಾಗದು: ಕೆರೆಯಂಗಳದ ಪಂಪ್‌ಸೆಟ್ಟುಗಳಿಗೆ ಜೋತುಬಿದ್ದಂತೆ ಎಳೆದ ತಂತಿಗಳ ಕೆಳಗೆ ಅಂಥ ಕೋಲನ್ನು ಎತ್ತಿಹಿಡಿದು ನಡೆಯುವುದು ಪ್ರಾಣಾಪಾಯ.

ಉದ್ದವಿದ್ದಷ್ಟೂ ಒಳ್ಳೆಯದೆಂಬುದು ಅರ್ಧಸತ್ಯ. ಹೊನ್ನಾಳಿಯ ಹರಿವ ನೀರಿನಲ್ಲಿ ದಾರವನ್ನು ಸೆಳವಿನ ಮೇಲೆತ್ತಿ ಹಿಡಿಯಲು ಏಳಡಿ ಅನುಕೂಲ; ಗಿಡಗಂಟಿ ಮುಸುಕಿದ ಕೆರೆಯಂಚಿಗೆ ಐದೂವರೆ ಅಡಿ ಸಾಕು. ಒಂದರೊಳಗೊಂದು ಜಾರುವ ಟೆಲಿಸ್ಕೋಪಿಕ್ ಕೋಲು ಚೀಲಕ್ಕೆ ಹಿತವಾದರೂ, ಮರಳಿನ ಕಣ ಸೇರಿತೆಂದರೆ ತುಂಡುಗಳು ಕಚ್ಚಿಕೊಂಡು ಬಿಡುವುದಿಲ್ಲ. ಎರಡು ತುಂಡಿನದೇ ಲೇಸು.

ಅಂಗಡಿಯಲ್ಲಿ ಕೋಲಿನ ತುದಿಯನ್ನು ಹಿಡಿದು ಬಿಲ್ಲಾಗುವಂತೆ ಬಗ್ಗಿಸಿ ತೋರಿಸುವುದನ್ನು ಪರೀಕ್ಷೆಯೆಂದು ತಿಳಿಯಬಾರದು. ಬುಡದಿಂದ ತುದಿಯವರೆಗೆ ಹಂಚಿಹೋಗಬೇಕಾದ ಬಲವೆಲ್ಲ ಅಲ್ಲಿ ಕಿರಿದಾದ ತುದಿಯೊಂದರ ಮೇಲೆಯೇ ಬಿದ್ದು, ಒಳ್ಳೆಯ ಕೋಲೂ ಮುರಿದೀತು. ಅದರ ಬದಲು, ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ ದಾರ ಹಾಯುವ ಬಳೆಗಳೆಲ್ಲ ಒಂದೇ ಗೆರೆಯಲ್ಲಿವೆಯೇ ಎಂದು ಗಮನಿಸಿರಿ. ಎರಡು ತುಂಡುಗಳನ್ನು ಜೋಡಿಸಿ ಅಲುಗಿಸಿ ಸದ್ದು ಬರುತ್ತದೆಯೇ ಕೇಳಿರಿ. ಬಳಿಕ ಹತ್ತಿಯ ಎಸಳೊಂದನ್ನು ಪ್ರತಿಯೊಂದು ಬಳೆಯೊಳಗೂ ತಿರುಗಿಸಿರಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಬಳೆ ತೆಳುವಾದ ತಂಗೂಸಿಯನ್ನು ಎಸೆತ ಎಸೆತಕ್ಕೂ ಹೆರೆಯುತ್ತ ಹೋಗಿ, ಕೊನೆಗೆ ಮೀನು ಕಚ್ಚಿದ ಗಳಿಗೆಯಲ್ಲಿಯೇ ಕಡಿಯುತ್ತದೆ.

ಬಿದಿರುಕೋಲಿನ ಕಾಲ ಮುಗಿಯಿತೆಂಬ ತಾತ್ಸಾರವೂ ಸಲ್ಲದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ರಾಜಯೋಗ್ಯ ಕ್ರೀಡೆಗಳಲ್ಲೊಂದೆಂದು ವಿವರಿಸಿರುವಾಗ, ರೀಲಿಲ್ಲದೆಯೂ ಈ ಕಲೆ ನಡೆದೀತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ದಡಕ್ಕೆ ಸಮೀಪವಾಗಿಯೇ ಬೆಂಡು ತೇಲಿಬಿಟ್ಟು, ಎರೆಹುಳು ಸಿಕ್ಕಿಸಿ ಜಿಲೇಬಿಗೆ ಕಾಯುವವನಿಗೆ ತುದಿ ಸಣ್ಣಗಿರುವ ಒಣ ಬಿದಿರು ಸಾಕೇ ಸಾಕು. ದೂರಕ್ಕೆ ಎಸೆಯಬೇಕೆಂಬ ಆಸೆ ಹುಟ್ಟಿದಾಗ ಮಾತ್ರ ಅಂಗಡಿಯ ಕೋಲು ಬೇಕಾಗುತ್ತದೆ. ಕೊಳ್ಳುವ ಮುನ್ನ, ಗಾಳ ಹಾಕಲಿರುವ ಕೆರೆಯ ಮೀನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರನಿಗೋ ಸೇರಿದ್ದಾಗಿರಬಹುದಾದುದರಿಂದ ಅವರ ಒಪ್ಪಿಗೆಯನ್ನು ಕೇಳಿಕೊಳ್ಳಿರಿ. ಕೋಲಿನಲ್ಲಿ ಉಳಿಸಿದ ಹಣದಲ್ಲಿ ಹತ್ತನೆಯ ನಂಬರಿನ ಸಣ್ಣ ಗಾಳಗಳನ್ನೂ, ಬಿಸಿಲಿಗೆ ಸತ್ವಗುಂದಿದ ಕಳೆದ ವರ್ಷದ ತಂಗೂಸಿಯ ಬದಲಿಗೆ ಹೊಸದೊಂದು ಸುರುಳಿಯನ್ನೂ ತಂದಿಟ್ಟುಕೊಳ್ಳಬಹುದು.